ಹತ್ತರಲ್ಲಿ ಏಳು

ಟಿಬಿಲಿಸಿಯ ಈ ಹಳೆಯ ಕಟ್ಟಡದಲ್ಲಿ
ಲಿಫ್ಟು ಕಾಸು ತಿನ್ನುತ್ತದೆ.
ಒಳಗೊಂದು ತಗಡಿನ ಪೆಟ್ಟಿಗೆ, ಅದಕ್ಕೊಂದು ಸೀಳುಬಾಯಿ.
ಇಪ್ಪತ್ತು ತೆತ್ರಿ ಹಾಕಿದರೆ ಮೇಲೆ.
ಇಳಿಯುವುದು ಬಿಟ್ಟಿ.

ಹೆತ್ತು ಇವತ್ತಿಗೆ ಹನ್ನೊಂದು ದಿನ.
ನಾನೇ ಹೋಗಿ ಬರುತ್ತೇನೆ, ಗಾಳಿ ಬೇಕು, ಎಂದಿದ್ದಳು ತೇಯೋನಾ.
ಮಗುವನ್ನು ಜಾಬಾನ ಎದೆಯ ಮೇಲೆ ಮಲಗಿಸಿ
ಬಿಟ್ಟಿಯಾಗಿ ಇಳಿದು
ಔಷಧದಂಗಡಿಯ ತನಕ ನಡೆದು
(ನಡೆದು ಎಂದರೆ, ಒಂದು ಕೈ ಗೋಡೆಗೆ,
ಒಂದು ಕೈ ಹೊಲಿಗೆಯ ಮೇಲೆ,
ಯಾರದೋ ಗಾಜಿನ ಸಾಮಾನು ಹೊತ್ತವಳ ಹಾಗೆ)
ಮರಳಿ ಬಂದು ಲಿಫ್ಟಿನೊಳಗೆ ನಿಂತಿದ್ದಾಳೆ.
ಕಾಸು ಬೆರಳಿನಿಂದ ಜಾರಿದೆ.
ಅಗೋ, ಕಾಲ ಬಳಿಯೇ ಹೊಳೆಯುತ್ತಿದೆ.

ನೆಲ ಇಷ್ಟು ದೂರ ಇರುತ್ತದೆಂದು
ಯಾರೂ ಹೇಳಿರಲಿಲ್ಲ.

ಆಸ್ಪತ್ರೆಯಲ್ಲಿ ಕೇಳುತ್ತಿದ್ದರು, ನೋವು ಹತ್ತರಲ್ಲಿ ಎಷ್ಟು?
ಅಲುಗದೆ ಮಲಗಿದ್ದವಳು ಎರಡು ಅಂದಳು.
ನರ್ಸು ಬರೆದುಕೊಂಡು ಹೋದಳು.
ಮಗ್ಗುಲಾಗುವಾಗ ಎಷ್ಟು, ಕೇಳಲಿಲ್ಲ.
ಸೀನು ಬರುತ್ತದೆ ಎಂದು ಗೊತ್ತಾಗಿ
ಇನ್ನೂ ಬಾರದ ಆ ಒಂದು ಗಳಿಗೆಗೆ ಎಷ್ಟು,
ಜಾಬಾ ಏನೋ ಹೇಳಿ ನಗಿಸಿದಾಗ, ಪಾಪ, ಅವನಿಗೆ ತಿಳಿಯದು, ಎಷ್ಟು,
ಬಾಲ್ಕನಿಯ ಗಾಲಿಹಗ್ಗ ಜಗ್ಗಿ ಬಟ್ಟೆ ಒಣಹಾಕುವಾಗ
ಎದುರು ಕಟ್ಟಡದ ಕಡೆಗೆ ಕಿರ್ರೆಂದು ಸಾಗುವ ಗೇಣುದ್ದದ ಅಂಗಿಗಳು,
ಒಂದೊಂದು ಅಂಗಿಗೂ
ಅದೇ ಹಗ್ಗ ಒಳಗೂ ಎಳೆದಂತೆ.
ಅದು ಎಷ್ಟು?

ಅವಳ ಭಾಷೆಯಲ್ಲಿ ಅಂಕಿಗಳು ಬರೀ ಅಂಕಿಗಳು.
ನನ್ನದರಲ್ಲಿ ಹಾಗಲ್ಲ, ತೇಯೋನಾ.
ಇಲ್ಲಿ ಗಾಯಕ್ಕೆ ಆರು ಎನ್ನುತ್ತೇವೆ,
ಮೈಗೆ ಏಳು,
ಮೆಟ್ಟಿಲ ಮುಂದೆ ನಿಂತವಳಿಗೆ ಹತ್ತು.
ಎಣಿಸಿದಂತೆ ಕೇಳುತ್ತದೆ. ಎಲ್ಲ ಅಪ್ಪಣೆ.

ಮಂಡಿ ಮಡಿಸಿ ನೋಡಿದಳು. ಅರ್ಧಕ್ಕೇ ನಿಂತಳು.
ಚಪ್ಪಲಿ ಬಿಟ್ಟು ಹೆಬ್ಬೆರಳಿನಿಂದ ಹಿಡಿಯಲು ಹೋದರೆ
ಕಾಸು ಇನ್ನಷ್ಟು ಮೂಲೆಗೆ ಸರಿಯಿತು.
ಮೇಲೆ ಮಗು ಎದ್ದಿರಬೇಕು.
ಅಳು ಇಲ್ಲಿಗೆ ಕೇಳಿಸದು,
ರವಿಕೆ ಮಾತ್ರ ತಾನೇ ತಾನಾಗಿ ಒದ್ದೆಯಾಯಿತು.

ಆಗ ಬಾಗಿಲಿಗೆ ಕಾಲು ಕೊಟ್ಟು ನುಗ್ಗಿದವಳು
ಮತ್ಸೋನಿ ಮಾರುವ ಮುದುಕಿ.
ಬಣ್ಣ ಹೋದ ಹಳೆಯ ಮಗುಗಾಡಿ,
ಮಗು ಮಲಗಬೇಕಾದಲ್ಲಿ ಒತ್ತೊತ್ತಾಗಿ ಮೊಸರಿನ ಬಾಟಲಿಗಳು,
ಮೇಲೆ ಹೊದಿಸಿದ ಒದ್ದೆ ಟವೆಲು.
ಒಂದೇ ನೋಟಕ್ಕೆ ಎಲ್ಲ ಅರ್ಥವಾಗಿ
ಗೆನಾತ್ಸವಾಲೆ, ಎಂದಳು.

ಈ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಅನ್ನುವ ಮಾತು,
ರೊಟ್ಟಿಯವನಿಗೂ, ಬೀದಿಯ ಬೆಕ್ಕಿಗೂ:
ನಿನ್ನ ಬದಲಿಗೆ ನಾನಾಗಲಿ.
ಅಂದವರು ಯಾರೂ ಬದಲಾಗುವುದಿಲ್ಲ, ಬಿಡಿ.
ಇವಳು ಮಾತ್ರ ಗೋಡೆಗೆ ಕೈಯೂರಿ
ಒಂದು ಮಂಡಿ, ಆಮೇಲೆ ಇನ್ನೊಂದು,
ಹ್ಞೂಂ ಎಂದು ಕೆಳಗಿಳಿದಳು.
ಆ ಹ್ಞೂಂ ತೇಯೋನಾಳಿಗೆ ಗೊತ್ತು,
ಹನ್ನೊಂದು ದಿನದಿಂದ ಅವಳದೇ ಅದು.

"ಕರೆಂಟಿಲ್ಲದ ಚಳಿಗಾಲದಲ್ಲಿ ಹೆತ್ತೆ.
ಬಕೆಟ್ಟಿನಲ್ಲಿ ನೀರು, ಬಗಲಲ್ಲಿ ಕೂಸು, ಕತ್ತಲೆಯಲ್ಲಿ ಆರು ಮಹಡಿ.
ಮೂವತ್ತು ವರ್ಷ ದಾಟಿತು.
ಈಗಲೂ ಕೆಮ್ಮಿದರೆ ಒಂದು ಹನಿ."
ನೆಲದಲ್ಲಿ ಕೂತೇ ನಕ್ಕಳು.
"ಒಂದಲ್ಲ, ನಾಲ್ಕು."

ತೇಯೋನಾಳಿಗೆ ನಗು ಬಂತು,
ಬೇಡ ಬೇಡ ಎಂದು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು,
ಕಣ್ಣಲ್ಲಿ ನೀರು, ಗಾಡಿಯೊಳಗೆ ಬಾಟಲಿಗಳ ಕಿಣಿಕಿಣಿ.

ಮುದುಕಿ ಗಾಡಿಯ ಹಿಡಿ ಹಿಡಿದು ಎದ್ದಳು,
ಕಾಸನ್ನು ಸೆರಗಿಗೆ ಒರೆಸಿ ಸೀಳುಬಾಯಿಗೆ ಹಾಕಿದಳು.
ಗುಂಡಿಗಳ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು,
ಎಷ್ಟು?

ಎಂಟು,
ಎಂದಳು ತೇಯೋನಾ.